ಯಾರನ್ನೂ ತೋಯಿಸದ ಮಳೆ

ನಮ್ಮ ಕಾಲದ ಕಾನ್ವೆಂಟ್ ಇಂಗ್ಲಿಷನ್ನು ಯಾರಾದರೂ ಹೊಗಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. “ಆಗಿನ ಗ್ರಾಮರ್ ಅಂದ್ರೆ ಗ್ರಾಮರ್ ಕಣ್ರೀ” ಎನ್ನುತ್ತಾರೆ. ಹೌದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನೌನ್, ವರ್ಬ್ ಒಪ್ಪಿಸುತ್ತಿದ್ದೆವು. ಒಂದನ್ನು ಇನ್ನೊಂದರಂತೆ ಎಂದರೆ ಸಿಮಿಲಿ; ಅದೇ ಇದು ಎಂದುಬಿಟ್ಟರೆ ಮೆಟಫರ್. ಹೊಸಕೋಟೆಯ ನಮ್ಮ ಕಾನ್ವೆಂಟಿನ ಏಳನೇ ಕ್ಲಾಸಿನಲ್ಲಿ ಇಷ್ಟನ್ನೂ ಕಲಿಸಿದರು. ಕಲಿತ ಒಬ್ಬಳೇ ಹುಡುಗಿಯನ್ನು ಹೊರಗೆ ಕಳಿಸಿದರು.

ಅವಳು ಮುನಿರತ್ನ, ನನ್ನ ಪಕ್ಕ ಕೂರುತ್ತಿದ್ದವಳು. ಎರಡು ಮೈಲಿ ಆಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದಳು. ಅವರದು ರೇಷ್ಮೆಹುಳ ಸಾಕುವ ಮನೆ; ಅವಳ ಯೂನಿಫಾರ್ಮಿಗೆ ಸದಾ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ.

“ದೂರ ಕೂತ್ಕೊಳೇ, ಮೇಕೆ ಥರ ನಾರ್ತೀಯ” ಎಂದು ಹುಡುಗಿಯರು ಛೇಡಿಸಿದರೆ, “ಮೇಕೆ ಪಕ್ಕ ಮೇಕೇನೇ ಕೂತ್ಕೊಳೋದು, ಬಾರೇ” ಎನ್ನುತ್ತಿದ್ದಳು.

ಗ್ರಾಮರ್ ಮಿಸ್ ಬೇರೆ ಊರಿನವರು, ಕನ್ನಡ ಬಾರದು. ಸ್ವಂತವಾಗಿ ಒಂದು ಸಿಮಿಲಿ ಬರೆದು ತನ್ನಿ ಎಂದರು. ನಾವೆಲ್ಲ ಬೋರ್ಡಿನ ಮೇಲಿದ್ದುದನ್ನೇ ತಿರುಗಿ ಬರೆದೆವು: ಹಿಮದಂತೆ ಬಿಳುಪು. ಹಿಮ ಕಂಡವರು ನಮ್ಮಲ್ಲಿ ಯಾರಿದ್ದರು? ಮುನಿರತ್ನ ತನ್ನ ಮುರುಕು ಇಂಗ್ಲಿಷಿನಲ್ಲಿ, ನಮ್ಮ ಹುಳಗಳು ಸೊಪ್ಪು ತಿನ್ನುವ ಸದ್ದು ಯಾರನ್ನೂ ತೋಯಿಸದ ಮಳೆಯಂತೆ ಎಂದು ಬರೆದಳು.

ಮಿಸ್ ನೋಟ್‌ಬುಕ್ ಎತ್ತಿ ಹಿಡಿದರು. “ವಿಚ್ ಬುಕ್ ಡಿಡ್ ಯು ಕಾಪಿ ಫ್ರಮ್?”

“ನೋ ಬುಕ್, ಮಿಸ್. ಕಮ್ ಟು ಮೈ ಹೌಸ್. ಯು ವಿಲ್ ಹಿಯರ್.”

ಕ್ಲಾಸೆಲ್ಲ ನಕ್ಕಿತು. ವಿಷಯ ಹೆಡ್‌ಮಿಸ್ಟ್ರೆಸ್ ಮದರ್ ತನಕ ಹೋಯಿತು. “ಹೋಗಿ ಕೇಳಿ ಬನ್ನಿ” ಎಂದರು ಮದರ್. ನಿಜವಾದರೆ ಆ ವರ್ಷದ ಇಂಗ್ಲಿಷ್ ಪ್ರೈಜ್ ಅವಳಿಗೆ. ಸುಳ್ಳಾದರೆ ಕದ್ದೆನೆಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಅಲ್ಲಿಯತನಕ ಪ್ರತಿವರ್ಷ ಆ ಪ್ರೈಜ್ ನನ್ನದಾಗಿತ್ತು. ಮಿಸ್ ಜೊತೆ ದುಭಾಷಿಯಾಗಿ ಹೊರಟವಳೂ ನಾನೇ.

ಶನಿವಾರ ಮಧ್ಯಾಹ್ನ ಜಟಕಾದಲ್ಲಿ ಹೋದೆವು. ಹುಳಗಳು ಕೊನೆಯ ಪೊರೆ ಕಳಚಿ ಬಿಡುವಿಲ್ಲದೆ ತಿನ್ನುವ ವಾರ ಅದು. ಆ ವಾರ ಅವರ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೂ ಮುಡಿಯುವಂತಿಲ್ಲ. ಘಾಟು ತಾಗಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ. ನನಗೆ ಗೊತ್ತಿತ್ತು. ಹಿಂದೊಮ್ಮೆ ಅಲ್ಲಿ ಒಗ್ಗರಣೆಯಿಲ್ಲದ ಅವರೆಕಾಳಿನ ಸಾರಿನಲ್ಲಿ ಮುದ್ದೆ ತಿಂದು, ಹುಳದ ಮನೆಯ ಮಬ್ಬಿನಲ್ಲಿ ಮುನಿರತ್ನಳ ಜೊತೆ ಕೂತು ಆ ಸದ್ದು ಕೇಳಿದ್ದೆ. ಎದ್ದು ಕಿಟಕಿಯಾಚೆ ಅಂಗಳ ನೋಡಿದ್ದೆ, ಒದ್ದೆಯಾಗಿದೆಯೇನೋ ಎಂದು.

ಮಿಸ್ ಮುಡಿಯಲ್ಲಿ ಮಲ್ಲಿಗೆ, ಮುಖದಲ್ಲಿ ಘಮಘಮ ಪೌಡರ್. ಮುನಿರತ್ನಳ ಅಜ್ಜಿ ಬಾಗಿಲಿಗೆ ಅಡ್ಡ ಬಂದರು.

“ಯಾರವ್ವ, ಮೇಡಮ್ಮೋರಾ? ಬರ್ಲಿ, ಬರ್ಲಿ. ಆದ್ರೆ ಈ ವಾಸ್ನೇಲಿ ಒಳಕ್ಕೆ ಬರಂಗಿಲ್ಲ. ಹೂವ ತೆಗ್ದಿಟ್ಟು ಮಕ ತೊಳ್ಕೊಳಕ್ಕೆ ಹೇಳು. ತಗಾ, ಚೊಂಬಲ್ಲಿ ನೀರೈತೆ.”

“ವಾಟ್ ಈಸ್ ಶೀ ಸೇಯಿಂಗ್?” ಎಂದರು ಮಿಸ್.

ಮುಖ ತೊಳೆದುಕೊಳ್ಳಿ ಎಂದು ಮಿಸ್‌ಗೆ ಹೇಳುವುದೇ! ಹೆದರಿಕೆಯೋ, ಪ್ರೈಜಿನ ಆಸೆಯೋ ಗೊತ್ತಿಲ್ಲವೆಂದು ಇಂದಿಗೂ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆ.

“ಶೀ ಈಸ್ ನಾಟ್ ಅಲೌಯಿಂಗ್ ಅಸ್, ಮಿಸ್” ಎಂದೆ.

ಸೊಪ್ಪಿನ ಕುಕ್ಕೆ ಸೊಂಟದಲ್ಲಿಟ್ಟುಕೊಂಡು ಆಗಷ್ಟೇ ಬಂದ ಮುನಿರತ್ನ ಅದನ್ನು ಕೇಳಿಸಿಕೊಂಡಳು. “ನೋ ಮಿಸ್, ಓನ್ಲಿ ವಾಶ್...” ಎಂದು ಶುರು ಮಾಡಿದಳು. “ಎನಫ್!” ಎಂದು ಮಿಸ್ ಜಟಕಾ ಹತ್ತಿದರು.

“ಅಯ್ಯೋ, ಯಾಕವ್ವ ಹೊಂಟೋದ್ರು? ನಾನೇನಂದೆ?” ಅಜ್ಜಿ ಚೊಂಬು ಹಿಡಿದೇ ನಿಂತಿದ್ದರು.

ಮುನಿರತ್ನ ನನ್ನನ್ನು ನೋಡಿದಳು. “ಆ ಸದ್ದು ನೀನ್ ಕೇಳಿದ್ಯಲ್ಲೇ” ಎಂದಳು, ಅಷ್ಟೇ.

ಸೋಮವಾರ ಅವಳು ಕದ್ದೆನೆಂದು ಒಪ್ಪಲಿಲ್ಲ. ಮಿಸ್ ಅವಳನ್ನು ಕ್ಲಾಸಿನ ಹೊರಗೆ ನಿಲ್ಲಿಸಿದರು. ಮೂರು ದಿನ ನಿಂತಳು. ಮೂರು ದಿನವೂ ನಾನು ಒಳಗೆ ಕೂತು ಬೋರ್ಡು ನೋಡಿ ಬರೆದುಕೊಂಡೆ. ನಾಲ್ಕನೇ ದಿನ ಅವಳು ಬರಲಿಲ್ಲ. ಅವಳಪ್ಪ ಸ್ಕೂಲೇ ಬಿಡಿಸಿದರು. ಪ್ರೈಜ್ ನನಗೇ ಬಂತು.

ಒಂದು ಚೊಂಬು ನೀರು! ಮುಖಕ್ಕೆ ಚಿಮುಕಿಸಿಕೊಂಡಿದ್ದರೆ ಆ ಹೆಂಗಸಿನ ಗಂಟೇನು ಹೋಗುತ್ತಿತ್ತು? ತನಗೆ ಗೊತ್ತಿಲ್ಲದ್ದನ್ನು ಮಗುವೊಂದು ಕಂಡುಬಿಟ್ಟರೆ ಅದು ಕಳ್ಳತನವೇ? ಬೈಯಲು ಹೊರಟರೆ ಮಾತು ತಿರುಗಿ ನನಗೇ ಬಂದು ಬಡಿಯುತ್ತದೆ.

ಈಚೆಗೆ ಹೊಸಕೋಟೆಯ ಒಂದು ಮದುವೆಯಲ್ಲಿ ಮುನಿರತ್ನ ಸಿಕ್ಕಳು. ಅವರ ಸೊಪ್ಪಿನ ತೋಟವಿದ್ದ ಕಡೆ ಈಗ ಗೋಡೌನುಗಳಂತೆ. ಸುತ್ತಮುತ್ತ ಒಬ್ಬರ ಮನೆಯಲ್ಲೂ ಹುಳ ಇಲ್ಲವಂತೆ. ಕೈ ಹಿಡಿದು ತಪ್ಪಾಯಿತೆಂದೆ. “ಅಯ್ಯೋ, ಈಗ್ಯಾಕಮ್ಮ ಅದೆಲ್ಲಾ? ಬಾ, ಊಟಕ್ಕೆ ಕೂತ್ಕೊ” ಎಂದು ಎಲೆಯ ಮುಂದೆ ಕೂರಿಸಿದಳು. ಅವಳ ಮೊಮ್ಮಗಳು ಬಂದು ನನ್ನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮುನಿರತ್ನ ನಕ್ಕು ಸರಿದು ಕೂತಳು.

“ನೀನೇ ಮಾತಾಡಮ್ಮ ಇವಳ ಹತ್ರ. ನಂಗೆಲ್ಲಿ ಇಂಗ್ಲಿಷ್ ಬರತ್ತೆ?”

ಅವಳು ಅದನ್ನು ನಂಬಿಬಿಟ್ಟಿದ್ದಾಳೆ.