ಅಳಲಿಕ್ಕೊಂದು ಕೊರಳು

ಕಳೆದ ವಾರ ನನ್ನ ಕೊರಳಿಗೆ ಬಿದ್ದು ಹತ್ತಾರು ಹೆಂಗಸರು ಅತ್ತರು. ಅವರಲ್ಲಿ ಒಬ್ಬರ ಪರಿಚಯವೂ ನನಗಿರಲಿಲ್ಲ. ನನಗೆ ಯಾವ ಕಷ್ಟವೂ ಬಂದಿರಲಿಲ್ಲ. (ಬಂದಿದ್ದರೂ ನಾನು ಹೇಳುವವಳಲ್ಲ ಎಂಬುದು ಈ ಅಂಕಣ ಓದುವವರಿಗೆ ಗೊತ್ತು.)

ನಡೆದದ್ದು ಮುಂಡರಗಿಯಲ್ಲಿ. ಬೇಸಿಗೆ ರಜೆಗೆ ಖಾಲಿ ಬಿದ್ದ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪ್. ಟಾಂಗಾಕ್ಕೆ ಮೈಕ್ ಕಟ್ಟಿ ಊರೂರು ಸಾರಿದ್ದರಿಂದ ಹೊಳೆದಂಡೆಯ ಹಳ್ಳಿಗಳ ಜನ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಗದಗಿನಿಂದ ಹೋದ ನನಗೆ ಸೀರೆಗೆ ಚುಚ್ಚಿಕೊಳ್ಳಲು ರಿಬ್ಬನ್ನಿನ ಬ್ಯಾಡ್ಜ್ ಕೊಟ್ಟರು: ಸ್ವಯಂಸೇವಕಿ.

ಸ್ವಯಂಸೇವಕಿ ಎಂದರೆ ಏನು ಕೆಲಸ? ಆಪರೇಷನ್ ಡಾಕ್ಟರದು, ಇಂಜೆಕ್ಷನ್ ನರ್ಸಿನದು, ಊಟ ಊರವರದು. ಉಳಿದದ್ದೆಲ್ಲ ನಮ್ಮದು. ಮಲಗಿದಲ್ಲೇ ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು, ನೊಣ ಓಡಿಸುವುದು, ಪಟ್ಟಿ ಕಟ್ಟಿಸಿಕೊಂಡವರು "ಹೊತ್ತು ಮುಳುಗಿತೇನ್ರಿ?" ಎಂದಾಗಲೆಲ್ಲ ಕಿಟಕಿಯಾಚೆ ನೋಡಿ ಉತ್ತರ ಹೇಳುವುದು.

ನನ್ನ ಪಾಲಿಗೆ ಬಂದದ್ದು ಹೆಂಗಸರ ಕೋಣೆ. ಅಲ್ಲಿ ಗೋಡೆ ಪಕ್ಕದಲ್ಲಿ ಫಕೀರವ್ವ. ಅವರ ಎಡಗಣ್ಣು ಎಂದೋ ಹೋಗಿದೆ. ಬಲಗಣ್ಣಿಗೆ ಪೊರೆ ಬಂದು ಕೆಲವು ವರ್ಷಗಳಿಂದ ಅದೂ ಕತ್ತಲೆ. ಆ ಕಣ್ಣಿಗೇ ಈಗ ಆಪರೇಷನ್ ಆಗಿತ್ತು. ತಲೆ ಅಲುಗದಂತೆ ಆಚೆ ಈಚೆ ಉಸುಕಿನ ಚೀಲ ಇಟ್ಟು ಡಾಕ್ಟರು ನನಗೆ ಹೇಳಿದರು: "ಕೆಮ್ಮಬಾರದು, ನಗಬಾರದು, ಅಳಬಾರದು. ಹೊಲಿಗೆ ಬಿಟ್ಟರೆ ಈ ಕಣ್ಣೂ ಹೋಯಿತು. ಇವರಿಗೆ ಇನ್ನೊಂದಿಲ್ಲ."

ಕೆಮ್ಮಿಗೆ ಔಷಧಿ ಇತ್ತು. ಅಳುವಿಗೆ?

ಊರಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಜಡ್ಡಾಗಿ ಮಲಗಿದವರನ್ನು ನೋಡಲು ಬಂದ ಹೆಂಗಸು "ಹೇಗಿದ್ದೀರಿ?" ಎಂದು ಕೇಳುವುದಿಲ್ಲ. ಕೊರಳಿಗೆ ಬಿದ್ದು ಹಾಡ್ಯಾಡಿಕೊಂಡು ಅಳುತ್ತಾಳೆ. ಮಲಗಿದವಳೂ ಅಳಬೇಕು. ಇಬ್ಬರೂ ಮೂಗು ಒರೆಸಿಕೊಂಡ ಮೇಲೆಯೇ ಮಾತು. ಅಳದೆ ಬಂದು ಅಳದೆ ಹೋದವಳ ಕತೆಯನ್ನು ಬಳಗ ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಆ ದಿನವೇ ಒಬ್ಬರ ಮಗಳು ಬಂದು ಶುರು ಮಾಡಿದ್ದಳು. ಇಡೀ ಕೋಣೆ ದನಿಗೂಡಿಸಿತ್ತು. ನರ್ಸ್ ಕೂಗಾಡಿದರು. ಡಾಕ್ಟರು ನನ್ನ ಕಡೆ ತಿರುಗಿ, "ವಿಜಿಟರ್ಸ್ ನಿಮ್ಮ ಡಿಪಾರ್ಟ್‌ಮೆಂಟ್" ಎಂದು ಹೊರಟುಹೋದರು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಹಮ್ಮಿಗಿಯಿಂದ ಫಕೀರವ್ವನ ತಂಗಿ ಗಂಗವ್ವ ಬಂದರು. ಕೈಯಲ್ಲಿ ರೊಟ್ಟಿಗಂಟು. ಗೇಟು ದಾಟುವಾಗಲೇ ಸೆರಗು ಬಾಯಿಗೆ ಹೋಗಿತ್ತು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಒಳಗ ಅಳಬ್ಯಾಡ್ರಿ. ಕಣ್ಣಿಗೆ ಧಕ್ಕಿ ಆಕ್ಕೈತಿ."

"ಅಳದ ಹೆಂಗ್ ನೋಡ್ಲಿ ಅಕ್ಕೋರ? ಒಡಹುಟ್ಟಿದಾಕಿ. ಒಣಾ ಕಣ್ಣೀಲೆ ಬಂದಳು ಅನ್ನೂದಿಲ್ಲೇನ್ರಿ ಆಕಿ?"

ಒಳಗಿನಿಂದ ದನಿ ಬಂತು. "ಗಂಗೀ, ಬಂದೇನ? ಯಾಕ ಒಳಗ ಬರವಲ್ಲಿ?"

ತಿರುಗಿ ನೋಡಿದೆ. ಫಕೀರವ್ವನ ಗದ್ದ ನಡುಗುತ್ತಿತ್ತು. ಕೈ ಚಾಪೆಯನ್ನು ಹಿಡಿದಿತ್ತು. ತಂಗಿ ಹೊರಗೇ ನಿಂತರೂ ಅಳು, ಒಳಗೆ ಬಂದರೂ ಅಳು. ಯಾವ ದಾರಿಯಲ್ಲಿ ಹೋದರೂ ಕಣ್ಣು ಹೋಗುವುದೇ.

ಆಗ ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು. "ನನ್ನ ಕೊಳ್ಳಿಗೆ ಬಿದ್ದು ಅತ್ತು ಬಿಡ್ರಿ. ಆಮ್ಯಾಲ ಒಳಗ ಹೋಗೂಣು."

ಗಂಗವ್ವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನೀವು ಯಾರಂತ ಅಳ್ಲಿ?"

"ಫಕೀರವ್ವ ಅಂತ ತಿಳ್ಕೊಳ್ರಿ."

"ಆಕಿ ಗಿಡ್ಡ ಅದಾಳ. ನೀವು ಬಿದಿರ ಗಳದಂಗ ಇದ್ದೀರಿ."

"ಬಗ್ಗತೀನಿ."

ಬಗ್ಗಿದೆ. ಬೇವಿನ ಗಿಡದ ಕೆಳಗೆ ಅವರು ನನ್ನ ಕೊರಳಿಗೆ ಬಿದ್ದರು. ಅಳು ಎಂದರೆ ಅಂಥ ಅಳು. ಇಬ್ಬರೂ ಹೊಳೆಯಲ್ಲಿ ಕೊಡ ತೊಳೆದದ್ದು, ಎಡಗಣ್ಣು ಹೋದ ವರ್ಷ, ಗಂಡನ ಮನೆ... ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅಕ್ಕನಿಗೆ ಹೇಳಿದ ಮಾತು. ನನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಅವರ ಬೆನ್ನ ಮೇಲಿಟ್ಟೆ.

ಆಮೇಲೆ ಅವರು ಮುಖ ತೊಳೆದು, ನೀರು ಕುಡಿದು, ಒಳಗೆ ಹೋಗಿ ಅಕ್ಕನ ಕಾಲ ಬಳಿ ಕೂತರು.

"ಅಕ್ಕಾ, ಹೊರಗ ಅತ್ತ ಬಂದೀನಿ."

"ಕೇಳಿಸ್ತು. ಚೊಲೋ ಅತ್ತಿ. ಯಾರ ಕೊಳ್ಳಿಗೆ ಬಿದ್ದಿದ್ದಿ?"

"ಅಕ್ಕೋರ ಕೊಳ್ಳಿಗೆ. ಎಲಬ ಚುಚ್ಚತಾವ."

ಫಕೀರವ್ವನ ತುಟಿ ಅಗಲವಾಯಿತು. ಪಕ್ಕದ ಹಾಸಿಗೆಯ ಮಾಬೂಬಿ ಪಟ್ಟಿ ಕಟ್ಟಿದ ಮುಖ ಅಲುಗಿಸದೆ ಎಚ್ಚರಿಸಿದರು: "ನಗಬ್ಯಾಡ ಫಕೀರವ್ವ. ಅದನ್ನೂ ಬಂದ್ ಮಾಡ್ಯಾರ."

ಈ ಖಬರ ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟಿತು. ಮರುದಿನದಿಂದ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ವಾರ್ಡ್ ಎಲ್ಲಿ ಎಂದಲ್ಲ. "ಅಳಾಕ ಕೊಳ್ಳ ಕೊಡೂ ಅಕ್ಕೋರು ಯಾರ್ರಿ?" ಬೇವಿನ ಕೆಳಗೆ ನನ್ನ ಡ್ಯೂಟಿ ಶುರು. ಎರಡನೇ ಸೀರೆ ತಂದಿದ್ದು ಒಳ್ಳೆಯದಾಯಿತು.

ಓದಿದ ನಾವು ಅಳುವುದು ಹೇಗೆ? ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು. ಹೊರಗೆ ಬಂದು ಸೋಪು ಕಣ್ಣಿಗೆ ಹೋಯಿತು ಎನ್ನುತ್ತೇವೆ. ಜಡ್ಡಾದವರಿಗೆ ಬ್ರೆಡ್ಡು, ಮೋಸಂಬಿ ಒಯ್ದು ಗಡಿಯಾರ ನೋಡುತ್ತ ಕೂರುತ್ತೇವೆ. ಇದೇ ಸಭ್ಯತೆ ಎಂದು ನಾನೂ ನಂಬಿದವಳು, ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಆದರೆ ಗಂಗವ್ವನ ಅಳು ದುಃಖ ಮಾತ್ರ ಅಲ್ಲ, ತಲುಪಿಸಲೇಬೇಕಾದ ಮಾತು. ಅದನ್ನು ನಿಲ್ಲಿಸಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಬೇರೆ ಕಡೆ ತಿರುಗಿಸಬಹುದು, ಅಷ್ಟೆ. ತಿರುಗಿಸಿದೆ. ಈ ಕೆಲಸ ನಾನು ಚೆನ್ನಾಗಿ ಮಾಡಿದೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಪಟ್ಟಿ ಬಿಚ್ಚುವ ದಿನ ಗಂಗವ್ವ ಮತ್ತೆ ಬಂದು ಅಕ್ಕನ ಕಾಲ ಬಳಿ ಕೂತಿದ್ದರು. ಡಾಕ್ಟರು ಹತ್ತಿರ ಕೂತು ಎರಡು ಬೆರಳು ತೋರಿಸಿದರು.

"ಎಡ್ಡು," ಎಂದರು ಫಕೀರವ್ವ. ಸರಿಯಾಗಿತ್ತು.

ಆಮೇಲೆ ಕಾಲ ಬಳಿ ನೋಡಿದರು. ಬಹಳ ಹೊತ್ತು ನೋಡಿದರು. "ಗಂಗೀ, ತಲೀ ಮ್ಯಾಲ ಬೆಳ್ಳಗ ಏನ ಹಾಕ್ಕೊಂಡೀ?"

"ಏನೂ ಹಾಕ್ಕೊಂಡಿಲ್ಲಕ್ಕಾ. ಕೂದಲ ಅವು."

ಗಂಗವ್ವ ಎದ್ದು ಸರಸರ ಹೊರಗೆ ನಡೆದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹಿಂದೆಯೇ ಹೊರಟೆ.

ಬಾಗಿಲಲ್ಲಿರುವಾಗ ಫಕೀರವ್ವ ಡಾಕ್ಟರನ್ನು ಕೇಳುವುದು ಕೇಳಿಸಿತು: "ಸಾಹೇಬ್ರ, ಎಲ್ಲಾರೂ ಅತ್ತ ಹಗರ ಆದ್ರು. ನಾ ಯಾವಾಗ ಅಳ್ಲಿ?"

"ಕನ್ನಡಕ ಬಂದ ಮೇಲೆ," ಎಂದರು ಡಾಕ್ಟರು.

ಅಂದರೆ ಮುಂದಿನ ತಿಂಗಳು ಅಕ್ಕ ತಂಗಿ ಇಬ್ಬರೂ ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡುತ್ತ, ಮನಸಾರೆ ಅಳಲಿದ್ದಾರೆ. ಕಣ್ಣು ಬಂತು ಎನ್ನಲು ಇದಕ್ಕಿಂತ ಇನ್ನೇನು ಬೇಕು?