ನೆಲಕ್ಕಿಳಿದ ಕಿಟಕಿ

ನರೇಗಲ್ಲಿನ ನಮ್ಮ ಓಣಿಯಲ್ಲಿ ಯಾರ ಮನೆಗೆ ಎಲ್ಲಿ ಬಾಗಿಲು ಇಟ್ಟರೆ ಚೆಂದ ಅನ್ನುವುದು ಖಾತುನಬಿ ಖಾಲಾಗೆ ಗೊತ್ತಿದ್ದಷ್ಟು ಆ ಮನೆಯವರಿಗೇ ಗೊತ್ತಿರುವುದಿಲ್ಲ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಓದಿದ್ದು ಮೂರನೇ ಇಯತ್ತೆ. ಗಂಡ ರಮಜಾನಸಾಬ ಗೌಂಡಿ. ಆತನ ಕೆಲಸದಲ್ಲಿ ಇಪ್ಪತ್ತು ವರ್ಷ ಸಿಮೆಂಟಿನ ಬುಟ್ಟಿ ಹೊತ್ತಳು, ಮನೆ ಕಟ್ಟುವುದನ್ನು ಅಲ್ಲಿಯೇ ಕಲಿತಳು.

ಆಕೆ ಪ್ಲಾನ್ ಹಾಕುವುದನ್ನು ನೀವು ಒಮ್ಮೆ ನೋಡಬೇಕು. ಕಾಗದ ಇಲ್ಲ, ಪೆನ್ಸಿಲ್ ಇಲ್ಲ. ಖಾಲಿ ಜಾಗದಲ್ಲಿ ಸುಣ್ಣದ ಪುಡಿಯಿಂದ ಇಡೀ ಮನೆಯನ್ನು ಇದ್ದಷ್ಟೇ ಅಳತೆಯಲ್ಲಿ ಬರೆಯುತ್ತಾಳೆ. ಆಮೇಲೆ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಗೆರೆಗಳ ನಡುವೆ ಓಡಾಡುತ್ತಾಳೆ. ಮೊಳಕೈ ಗೆರೆ ದಾಟಿದರೆ ಗೋಡೆ ಅಲ್ಲಿಂದ ಸರಿಯಬೇಕು, ಅಷ್ಟೇ. ಇಷ್ಟೆಲ್ಲ ಮಾಡಿದರೂ ಮಂದಿ ಹೇಳುವುದು ಮಾತ್ರ "ರಮಜಾನಸಾಬ ಕಟ್ಟಿದ ಮನಿ" ಅಂತ.

ರಮಜಾನಸಾಬನ ಮೊಣಕಾಲು ಹೋಗಿ ಏಣಿ ಹತ್ತುವುದು ನಿಂತ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಗಜೇಂದ್ರಗಡದ ಬಟ್ಟೆ ಅಂಗಡಿಯ ಮಹಾಲಿಂಗಪ್ಪ ಅಲ್ಲಿಯ ತನ್ನ ಹಳೆಯ ಮಣ್ಣಿನ ಮನೆ ಕೆಡವಿ ಹೊಸದು ಕಟ್ಟಲು ಹೊರಟ. ಖಾಲಾಳನ್ನೇ ಕರೆಸಿದ.

"ಈ ಸಲ ಮನಿ ನಿಂದು, ಹೆಸರೂ ನಿಂದು. ಚಲೋ ಆತಂದ್ರ ರೋಣದಾಗ ನಮ್ಮ ತಮ್ಮಂದೂ ನೀನ ಕಟ್ಟು. ಇಲ್ಲಾಂದ್ರ ಗದಗಿನ್ಯಾಗ ಇಂಜಿನಿಯರ್‌ಗೋಳು ಬೇಕಾದಷ್ಟು ಅದಾರ."

ಅವನ ಹೆಂಡತಿ ಉಡಚವ್ವ ಕೇಳಿದ್ದು ಒಂದೇ. "ಅಡಗಿ ಮಾಡ್ಕೋತ ನನ್ನ ಗಿಡಾ ಕಾಣಬೇಕು ಖಾತುನಬಿ. ಹದಿನೆಂಟು ವರ್ಷ ಬರೇ ಗ್ವಾಡಿ ನೋಡೀನಿ."

ಹಿತ್ತಲಲ್ಲಿ ಪೇರಲ, ಕರಿಬೇವು, ಎರಡು ಸಾಲು ದುಂಡುಮಲ್ಲಿಗೆ. ಪಾತ್ರೆ ತೊಳೆದ ನೀರು ಹಾಕಿ ಹಾಕಿ ಉಡಚವ್ವ ಬೆಳೆಸಿದ್ದು. ಹಳೆಯ ಅಡುಗೆಮನೆಗೆ ಮಾಳಿಗೆಯ ಬೆಳಕಿಂಡಿ ಬಿಟ್ಟರೆ ಬೇರೆ ಬೆಳಕಿರಲಿಲ್ಲ.

ಖಾಲಾ ಒಂದು ಗಿಡವನ್ನೂ ಕಡಿಯಲಿಲ್ಲ. ಪಡಸಾಲೆಗೆ ಮಡಚುವ ಬಾಗಿಲಿಟ್ಟಳು, ತೆರೆದರೆ ಹಿತ್ತಲು ಒಳಗೇ ಬಂದಂತೆ. ಮಲಗುವ ಕೋಣೆಯ ಕಿಟಕಿಯನ್ನು ಮಲ್ಲಿಗೆಯ ಪಕ್ಕಕ್ಕೇ ತಂದಳು. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಪೇರಲದ ಬುಡಕ್ಕೆ ಹರಿಯಿತು. ಅಡುಗೆಮನೆಯಲ್ಲಿ ಗ್ಯಾಸ್ ಕಟ್ಟೆಯ ಪಕ್ಕದ ಗೋಡೆಗೆ, ಕಟ್ಟೆಯ ಎತ್ತರದಿಂದ ಮೇಲಕ್ಕೆ, ಅಗಲ ಕಿಟಕಿ. ಅಲ್ಲಿ ನಿಂತರೆ ಹಿತ್ತಲಿನ ಎಲೆ ಎಲೆ ಎಣಿಸಬಹುದಿತ್ತು.

ಗೃಹಪ್ರವೇಶಕ್ಕೆ ಎಂಟು ದಿನ ಇರುವಾಗ ಉಡಚವ್ವ ಕೆಲಸದವರಿಗೆಂದು ಅದೇ ಅಡುಗೆಮನೆಯಲ್ಲಿ ಒಲೆ ಹೂಡಿ ರೊಟ್ಟಿ ಬಡಿಯಲು ಕೂತಳು. ಎರಡು ರೊಟ್ಟಿ ಬಡಿದು ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು.

"ಹ್ಯಾಂಗ ಕಾಣತೈತ್ರಿ ಅಕ್ಕಾರ?" ಖಾಲಾ ಕೇಳಿದಳು.

"ಚಲೋ ಐತಿ ಬಿಡವಾ. ಮುಗಿಲು ಕಾಣತೈತಿ."

ಖಾಲಾ ಹೋಗಿ ಆಕೆಯ ಪಕ್ಕ ಕೂತು ನೋಡಿದಳು. ಖರೇನೇ, ಬರೀ ಮುಗಿಲು. ಸಾರು ಪಲ್ಯ ಏನಿದ್ದರೂ ನಿಂತು ಮಾಡಬಹುದು, ಜೋಳದ ರೊಟ್ಟಿಯನ್ನು ನಮ್ಮ ಕಡೆ ಕೂತೇ ಬಡಿಯುವುದು. ಹೊಸ ನಮೂನಿ ಕಟ್ಟೆಯ ಗುಂಗಿನಲ್ಲಿ ಅದು ಯಾರ ತಲೆಗೂ ಹೊಳೆದಿರಲಿಲ್ಲ. ಖಾಲಾ ತನ್ನ ಮನೆಯಲ್ಲಿ ರೊಟ್ಟಿ ಮಾಡುವುದು ಅಂಗಳದ ಒಲೆಯಲ್ಲಿ, ಅಲ್ಲಿ ಕಿಟಕಿಯ ಪ್ರಶ್ನೆಯೇ ಇಲ್ಲ.

"ತಪ್ಪು ನಂದ್ರಿ. ಎಲ್ಲಾ ನಡದು ನೋಡೀನಿ, ನಿಂತು ನೋಡೀನಿ. ಕೂತು ನೋಡಿಲ್ಲ."

ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ರಮಜಾನಸಾಬ ನಕ್ಕ. "ಗಂಡಸರಂಗ ಪ್ಲಾನ್ ಹಾಕಿದಿ ನೋಡು."

"ನಿನ್ನ ಕಡಿಂದ ಕಲ್ತಿದ್ದು ಅದೊಂದ," ಅಂದಳು ಖಾಲಾ. ಸುತ್ತಿಗೆ ಹುಡುಕತೊಡಗಿದಳು.

ಸುದ್ದಿ ತಿಳಿದು ಮಹಾಲಿಂಗಪ್ಪ ಅಂಗಡಿ ಬಿಟ್ಟು ಓಡಿ ಬಂದ. "ಬಣ್ಣ ಹಚ್ಚಿ ಮುಗದೈತಿ. ಈಗ ಗ್ವಾಡಿ ಒಡೀತಿಯೇನು?"

"ಕಿಟಕಿ ಕೆಳಗಿನ ಗ್ವಾಡಿ ಭಾರ ಹೊರೂದಿಲ್ರಿ ಸಾವ್ಕಾರ್ರ. ನೆಲದ ತನಕಾ ಇಳಸ್ತೀನಿ."

"ಹಾವು ಹುಳಾ ಒಳಗ ಬಂದ್ರ?"

"ಕೆಳಗ ಒಂದು ಗೇಣು ಕಲ್ಲು ಬಿಡ್ತೀನಿ. ಅದರ ಮ್ಯಾಲ ಸಣ್ಣ ಜಾಳಿಗಿ."

"ಕಟ್ಟಿದ ಮನಿ ಕೆಡವಿದ್ರು ಅಂತ ಮಂದಿ ನಗ್ತಾರ."

"ನಗೂದಾದ್ರ ನನ್ನ ಹೆಸರಿಗೆ ನಗ್ತಾರ್ರಿ. ಹೆಸರು ನಂದು ಅಂತ ನೀವ ಹೇಳೀರಿ."

ಮಹಾಲಿಂಗಪ್ಪನಿಗೆ ಸಿಟ್ಟು ಬಂತು. "ಒಡಿ ಹಂಗಾರ. ರೋಣದ ಮನಿ ಮರತ ಬಿಡು."

ಊರೂರಿಗೆ ತನ್ನ ಹೆಸರು ಮುಟ್ಟಿಸಬಹುದಾದ ಕೆಲಸ ಅದು. ಆದರೂ ಖಾಲಾ "ಆತ್ರಿ" ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಏಟು ಹಾಕಿದಳು. ಸುತ್ತಿಗೆಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ಒಡೆದು, ಕಲ್ಲು ಕೂಡಿಸಿ, ಸರಳು ಜಾಳಿಗೆ ಹಾಕಿ, ಬಣ್ಣ ಹಚ್ಚುವುದಕ್ಕೆ ಐದು ದಿನ ಬೇಕಾಯಿತು. ಆರನೇ ದಿನ ಮುಂಜಾನೆ ಉಡಚವ್ವ ಮತ್ತೆ ಅದೇ ಜಾಗದಲ್ಲಿ ಕೂತಳು. ಎಳೆಬಿಸಿಲು ಅವಳ ಹಿಟ್ಟಿನ ಪರಾತದ ಮೇಲೇ ಬಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಹೊರಗೆ ನೋಡಿದವಳು, ಚೆಂದ ಐತಿ ಅಂತೇನೂ ಅನ್ನಲಿಲ್ಲ.

"ಆ ಮೂಲಿ ಮಲ್ಲಿಗಿ ಬುಡಾ ಒಣಗೇತಿ ನೋಡು. ಯಾರೂ ನೀರು ಹಾಕಿಲ್ಲ," ಅಂದಳು.

ಖಾಲಾಗೆ ಅಷ್ಟು ಸಾಕಾಯಿತು. ಎದ್ದು ಹೋಗಿ ತಾನೇ ನೀರು ಹಾಕಿ ಬಂದಳು.

ಮಹಾಲಿಂಗಪ್ಪ ಮುಖ ಗಂಟು ಹಾಕಿಕೊಂಡೇ ಊಟಕ್ಕೆ ಬಂದ. ಬಿಸಿ ರೊಟ್ಟಿಗಾಗಿ ಒಲೆಯ ಪಕ್ಕದಲ್ಲೇ ಕೂತ. ಒಂದು ರೊಟ್ಟಿ ಮುಗಿಯಿತು, ಎರಡು ಮುಗಿಯಿತು. ಮೂರನೆಯದನ್ನು ಮುರಿಯುತ್ತ ಕಿಟಕಿಯ ಕಡೆ ಗದ್ದ ಎತ್ತಿ ಕೇಳಿದ.

"ಈ ಪೇರಲ ಹಣ್ಣು ಬಿಡತೈತೇನು?"

"ಹನ್ನೆರಡು ವರ್ಷಾತು," ಅಂದಳು ಉಡಚವ್ವ. "ನೀವ ತಿಂತೀರಿ."

"ಪ್ಯಾಟಿವು ಅಂತ ತಿಳಿದಿದ್ನಿ."

ಎಲ್ಲರೂ ನಕ್ಕರು, ಅವನೂ ನಕ್ಕ. ಕೈ ತೊಳೆದರೂ ಏಳಲಿಲ್ಲ. ಗೋಡೆಗೆ ಒರಗಿ ಬಹಳ ಹೊತ್ತು ಹಿತ್ತಲು ನೋಡಿದ. ಕೊನೆಗೆ ಖಾಲಾಳ ಕಡೆ ತಿರುಗದೆಯೇ ಅಂದ. "ನಾಳೆ ರೋಣಕ್ಕ ಹೋಗಿ ತಮ್ಮನ ಪ್ಲಾಟ್ ನೋಡ್ಕೊಂಡು ಬಾ."

"ಹೋಗ್ತೀನ್ರಿ. ಆದ್ರ ಮುಂಜಾನೆ ಏಳಕ್ಕ ಹೋಗ್ತೀನಿ, ಸೀದಾ ಅವ್ರ ಅಡಗಿಮನಿಗೆ. ಅವ್ರ ಮನ್ಯಾಗ ರೊಟ್ಟಿ ಯಾರು ಬಡೀತಾರ ನೋಡಿದ ಮ್ಯಾಲ ಪ್ಲಾಟು."