ಬೆಟ್ಟ ಹತ್ತದ ಮಾದಪ್ಪ

ದೊಡ್ಡಸಿದ್ದಯ್ಯ, ಬೆಟ್ಟದ ದೇವರು ಮಾದಪ್ಪನ ಪದ ಹಾಡಿ ಭಿಕ್ಷೆ ಎತ್ತುವ ದೇವರಗುಡ್ಡನಾದದ್ದು ಇಷ್ಟಪಟ್ಟಲ್ಲ. ಅವನು ಹೊಟ್ಟೆಯಲ್ಲಿದ್ದಾಗಲೇ ತಾಯಿ ರಾಮಮ್ಮ, ಗಂಡಾದರೆ ಮಾದಪ್ಪನಿಗೆ ಬಿಡುತ್ತೇನೆಂದು ಹರಕೆ ಹೊತ್ತಿದ್ದಳು. ಹೀಗೆ ಕೇಳದೆಯೇ ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಗೆ ಕಂಚಿನ ಕಂಸಾಳೆ ಬಂದವು. ಪದ ಮಾತ್ರ ಬರಲಿಲ್ಲ. ಅದನ್ನು ಹನೂರಿನ ಹಿರಿಯ ದೇವರಗುಡ್ಡ ಪುಟ್ಟಮಾದಪ್ಪನ ಮುಂದೆ ಕೂತು ಕಲಿಯಬೇಕಿತ್ತು.

ಪುಟ್ಟಮಾದಪ್ಪ ಒಂದೇ ಸೊಲ್ಲನ್ನು ಬೆವರಿಳಿಯುವ ತನಕ ಹೇಳಿಸುತ್ತಿದ್ದ. ದೊಡ್ಡಸಿದ್ದಯ್ಯನಿಗೆ ಅದು ಮುದುಕನ ದಡ್ಡತನವೆನಿಸಿತು. ಜನ ರಾಗಿ ಕೊಡುವುದು ದೇವರಿಗೆ, ಗಂಟಲಿಗಲ್ಲ. ಚೆನ್ನಾಗಿ ಹಾಡಿದರೂ ಅದೇ ರಾಗಿ, ಕೆಟ್ಟದಾಗಿ ಹಾಡಿದರೂ ಅದೇ ರಾಗಿ. ಪದದೊಳಗಿನ ಮಾದಪ್ಪ ಬೆಟ್ಟದ ಬುಡಕ್ಕೆ ಬಂದು ನಿಲ್ಲುವವರೆಗಿನ ಕಥೆಯಷ್ಟೇ ಕಲಿತು, ಸಾಕೆಂದು ಎದ್ದು ಬಂದ.

ಸೋಮವಾರ ಸೋಮವಾರ ಭಿಕ್ಷೆಗೆ ಹೊರಟರೆ ಜೋಳಿಗೆ ಬೇಗ ತುಂಬುತ್ತಿತ್ತು. ಕಂಸಾಳೆಯ ಮೊದಲ ಪೆಟ್ಟಿಗೇ ಹೆಂಗಸರು ಮೊರ ಹಿಡಿದು ಓಡಿಬರುತ್ತಿದ್ದರು.

"ನೋಡ್ದಾ ನನ್ ಮಯಿಮೆಯ? ಬಾಯಿ ತೆಗಿಯಂಗೇ ಇಲ್ಲ," ಎಂದು ಹೆಂಡತಿ ಚಿಕ್ಕನಿಂಗಮ್ಮನ ಮುಂದೆ ಬೀಗಿದ.

"ತೆಗಿಬಾರ್ದು ಅಂತ್ಲೇ ಓಡ್ಬತ್ತರೆ," ಎಂದಳು ಅವಳು. ಅವಳಿಗೆ ಹೊಟ್ಟೆಕಿಚ್ಚೆಂದು ಅವನು ತೀರ್ಮಾನಿಸಿದ.

ಬೆಟ್ಟಕ್ಕೆ ಬಸ್ಸು ಓಡಾಡಲು ಶುರುಮಾಡಿದ್ದ ಕಾಲ. ಅಜ್ಜೀಪುರದಲ್ಲಿ ದೊಡ್ಡ ಹೊಲಮನೆಯ ಶಿವರತ್ನಮ್ಮನ ಬಾಗಿಲಲ್ಲಿ ಹೊಸದಾಗಿ ಬಂದ ಸೊಸೆ ನಿಂತಿದ್ದಳು. "ಒಂದು ಪದ ಆಡಯ್ಯ, ಕೇಳನ," ಎಂದಳು.

ಒಳಗಿನಿಂದ ಅತ್ತೆಯ ದನಿ ಬಂತು. "ಬ್ಯಾಡ ಕಣವ್ವ! ಬಿರ್‍ರನೆ ರಾಗಿ ಉಯ್ದು ಕಳ್ಸು. ಅವ್ನು ಸುರು ಮಾಡುದ್ರೆ ನಮ್ಮೆಮ್ಮೆ ಆಲು ಇಳಿಸಕಿಲ್ಲ."

ದೊಡ್ಡಸಿದ್ದಯ್ಯನ ಕಿವಿ ಬಿಸಿಯಾಯಿತು. "ಇದು ದೇವ್ರ ಪದ ಕಣವ್ವೋ!"

ಶಿವರತ್ನಮ್ಮ ಹೊರಗೆ ಬಂದಳು. "ಯಾವ್ ದೇವ್ರಪ್ಪ? ಇಷ್ಟ್ ವರ್ಸಾಯ್ತು, ನಿನ್ ಬಾಯಲ್ಲಿ ಮಾದಪ್ಪ ಬೆಟ್ಟದ ಬುಡದಲ್ಲೇ ನಿಂತವ್ನೆ. ಅವನ ಕಾಲೇನು ಬಿದ್ದೋಗವಾ? ಈಗ ಬಸ್ ಓಯ್ತದಲ್ಲ, ಅದ್ಕಾರೂ ಅತ್ಸು."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದೊಡ್ಡಸಿದ್ದಯ್ಯ ರಾಗಿಗೆ ಜೋಳಿಗೆ ಒಡ್ಡಿದ, ಏಕೆಂದರೆ ಒಡ್ಡುವುದು ಅಭ್ಯಾಸವಾಗಿತ್ತು. ಇಷ್ಟು ವರ್ಷದ ರಾಗಿಯೆಲ್ಲ ಬಾಯಿ ಮುಚ್ಚಿಸಲು ಬಿದ್ದದ್ದೆಂಬುದು ಊರ ಗಡಿ ದಾಟಿದ ಮೇಲೆ ಅರ್ಥವಾಯಿತು. ಈ ಮುದುಕಿಯನ್ನು ಜಗುಲಿಯ ಮೇಲೆ ಕೂರಿಸಿ ಕೇಳಿಸದೆ ಬಿಡುವುದಿಲ್ಲ ಎಂದುಕೊಂಡ.

ಮತ್ತೆ ಪುಟ್ಟಮಾದಪ್ಪನ ಮುಂದೆ ಹೋಗಿ ತಲೆ ತಗ್ಗಿಸಲು ಅವನ ಜಂಬ ಬಿಡಲಿಲ್ಲ. ಸಂತೆಯಲ್ಲಿ ಬೇರೆ ದೇವರಗುಡ್ಡರು ಹಾಡುವಾಗ ಮೂಟೆಗಳ ಮರೆಯಲ್ಲಿ ನಿಂತು ಮುಂದಿನ ಕಥೆ ಕದ್ದ. ಹರಳುಗಿಡದ ಹೊಲದಲ್ಲಿ ಅದನ್ನೇ ಹೇಳಿ ಹೇಳಿ, ಕಂಸಾಳೆ ಬಡಿದು ಬಡಿದು ತೋಳು ಊದಿಸಿಕೊಂಡ.

"ದೇವ್ರು ಬಂದದಾ, ಜರ ಬಂದದಾ?" ಎಂದಳು ಚಿಕ್ಕನಿಂಗಮ್ಮ.

"ಆ ಮುದುಕಿ ಮೊಕಕ್ಕೆ ಒಡ್ದಂಗೆ ಪದ ಆಡ್ಬೇಕು, ಸುಮ್ಕಿರು."

ಸುಗ್ಗಿ ಮುಗಿದ ಮೇಲೆ ಅಜ್ಜೀಪುರಕ್ಕೆ ಹೋದ. ಸೊಸೆ ಮೊರ ತಂದರೆ ಕೈ ಅಡ್ಡ ಹಿಡಿದ. "ಪದ ಮುಗೀಲಿ."

ಹಾಡಿದ. ಮಾದಪ್ಪ ಬುಡ ಬಿಟ್ಟು ಬೆಟ್ಟ ಹತ್ತಿದ. ಶಿವರತ್ನಮ್ಮ ಬಂದು ಜಗುಲಿಯ ಮೇಲೆ ಕೂತು, ಅವನ ಕಡೆ ನೋಡದೆ ಅವರೆಕಾಳು ಆರಿಸತೊಡಗಿದಳು. ಕೊಟ್ಟಿಗೆಯಲ್ಲಿ ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತಿತ್ತು. ಕದ್ದ ಕಥೆ ಮುಗಿಯಿತು, ದೊಡ್ಡಸಿದ್ದಯ್ಯ ನಿಲ್ಲಿಸಿದ.

ಮುದುಕಿ ತಲೆಯೆತ್ತಿದಳು. "ಯಾಕ್ಲಾ ನಿಲ್ಸ್‌ಬುಟ್ಟೆ?"

"ಅಷ್ಟೇ ಕಣವ್ವ."

"ಅಷ್ಟೇನಾ? ನಡುಬೆಟ್ಟದಲ್ಲಿ ನಿಲ್ಸಿದ್ಯಲ್ಲೋ! ಅಲ್ಲಿ ನೀರಿಲ್ಲ, ನೆಳ್ಳಿಲ್ಲ. ಬುಡದಲ್ಲೇ ನಿಂತಿದ್ರೆ ಸುಕವಾಗಿರ್ತಿದ್ದ." ಸೊಸೆಯ ಮೊರದಿಂದ ಅರ್ಧ ರಾಗಿ ಕುಕ್ಕೆಗೆ ಸುರಿದುಕೊಂಡಳು. "ಅರ್ಧ ಬೆಟ್ಟಕ್ಕೆ ಅರ್ಧ ಮೊರ. ತಕಂಡೋಗು."

ಬಾಯಿ ಮುಚ್ಚಿಕೊಂಡಿದ್ದಾಗ ತುಂಬಿದ ಮೊರವೇ ಸಿಗುತ್ತಿತ್ತು! ದೊಡ್ಡಸಿದ್ದಯ್ಯ ಮುದುಕಿಯನ್ನು ಬಾಯಿಗೆ ಬಂದಂತೆ ಬೈಯುತ್ತ ನಡೆದ. ಬೈಗುಳಕ್ಕೆ ಸರಿಯಾಗಿ ಕೈ ತಾಳ ಹಾಕುತ್ತಿತ್ತು. ಮನೆಗೆ ತಿರುಗುವ ಕವಲು ಬಂದರೂ ತಿರುಗಲಿಲ್ಲ. ಹನೂರಿನ ದಾರಿಯಲ್ಲಿ ಪುಟ್ಟಮಾದಪ್ಪನಿಗೂ ಒಂದೆರಡು ಬೈಗುಳ ಹಾಕುತ್ತಲೇ ಅವನ ಬಾಗಿಲು ಮುಟ್ಟಿದ.